ಹಳೆಯ ಕೋಡನ್ನು ಹೊಸ ಭಾಷೆಗೆ ಪರಿವರ್ತಿಸಬೇಕೇ?

ಪರ

2020ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿ, ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ನೆರವಿಗೆ ಬರಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ಕೋವಿಡ್ ಕಾಲದಲ್ಲಿ ಕೆಲಸ ಕಳೆದುಕೊಂಡವರ ಅರ್ಜಿಗಳು ಒಮ್ಮೆಲೇ ಬಂದು ಬಿದ್ದಿದ್ದವು. ಅವನ್ನು ನಿಭಾಯಿಸಬೇಕಿದ್ದ ಕೋಬಾಲ್ ವ್ಯವಸ್ಥೆಗೆ ನಲವತ್ತು ವರ್ಷ ದಾಟಿತ್ತು. ಭಾಷೆ ಹಳೆಯದಾಯಿತೆಂದು ಪ್ರೋಗ್ರಾಂ ಕೆಡುವುದಿಲ್ಲ, ನಿಜ. ಆದರೆ ಅದನ್ನು ಬರೆದವರು ನಿವೃತ್ತರಾಗುತ್ತಾರೆ. ಆಮೇಲೆ ಒಂದೇ ಒಂದು ಸಾಲು ತಿದ್ದಲೂ ಕೈ ಹಿಂಜರಿಯುತ್ತದೆ. ಬಲ್ಲವರು ಪಕ್ಕದಲ್ಲಿ ಕುಳಿತು ಉತ್ತರಿಸುವಂತಿರುವಾಗಲೇ ಪರಿವರ್ತನೆ ಮುಗಿಯಬೇಕು.

ಪರಿವರ್ತನೆ ಎಂದರೆ ಎಲ್ಲವನ್ನೂ ಕೆಡವಿ ಮೊದಲಿನಿಂದ ಕಟ್ಟುವುದಲ್ಲ. ಗೋ ಭಾಷೆಯ ಕಂಪೈಲರ್, ಅಂದರೆ ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಪ್ರೋಗ್ರಾಂ, ಮೊದಲು ಸಿ ಭಾಷೆಯಲ್ಲಿತ್ತು. ಅದರ ತಂಡ ಈ ಕೆಲಸಕ್ಕೆಂದೇ ಒಂದು ಅನುವಾದಕ ಪ್ರೋಗ್ರಾಂ ಬರೆದು ಕೋಡನ್ನು ಯಾಂತ್ರಿಕವಾಗಿ ಗೋಗೆ ತಂದಿತು, 2015ರ 1.5ನೇ ಆವೃತ್ತಿಯ ಕಂಪೈಲರ್ ಹೀಗೆ ಬಂದದ್ದು. ಈ ಕ್ರಮವೇ ಸರಿ ಎಂದು ನನಗನ್ನಿಸುತ್ತದೆ. ಮೊದಲು ವರ್ತನೆ ಇದ್ದಂತೆಯೇ ಇರಲಿ, ಹಳೆಯ ದೋಷಗಳ ಸಮೇತ. ಒಂದೇ ಇನ್‌ಪುಟ್ ಅನ್ನು ಹಳೆಯದಕ್ಕೂ ಹೊಸದಕ್ಕೂ ಕೊಟ್ಟು ಫಲಿತಾಂಶ ತಾಳೆ ನೋಡೋಣ. ಕೋಡನ್ನು ಓರಣಗೊಳಿಸುವುದು ಆಮೇಲಿನ ಮಾತು.

ವಿರೋಧ

ಬರೆದಿರುವ ಸಾಲುಗಳನ್ನು ಅನುವಾದಿಸಬಹುದು. ಬರೆಯದೆಯೇ ಭಾಷೆ ಮಾಡಿಕೊಡುತ್ತಿದ್ದ ಕೆಲಸವನ್ನು ಅನುವಾದಿಸುವುದು ಹೇಗೆ?

ಪೈಥಾನ್ 2ರಲ್ಲಿ 7 ಅನ್ನು 2ರಿಂದ ಭಾಗಿಸಿದರೆ 3 ಬರುತ್ತಿತ್ತು. ಪೈಥಾನ್ 3ರಲ್ಲಿ 3.5. ಪರಿವರ್ತನೆಗೆಂದು ಪೈಥಾನ್ ಜೊತೆಗೇ ಬಂದ ಸಾಧನ ಪ್ರಿಂಟ್ ಆದೇಶಗಳನ್ನೆಲ್ಲ ತಿದ್ದಿಕೊಡುತ್ತಿತ್ತು, ಭಾಗಾಕಾರದ ಚಿಹ್ನೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಚಿಹ್ನೆಯ ಎರಡು ಬದಿಯಲ್ಲಿರುವುದು ಪೂರ್ಣಾಂಕವೋ ದಶಮಾಂಶವೋ ಎಂದು ಕೋಡನ್ನು ಬರಿದೇ ನೋಡಿ ಹೇಳಲಾಗದು. ಪ್ರೋಗ್ರಾಂ ಯಾವ ದೂರೂ ಇಲ್ಲದೆ ಓಡುತ್ತದೆ, ಉತ್ತರ ಮಾತ್ರ ಬೇರೆ. ಒಂದೇ ಭಾಷೆಯ ಎರಡು ಆವೃತ್ತಿಗಳ ನಡುವೆಯೇ ಹೀಗಾದರೆ ಭಾಷೆಯೇ ಬದಲಾದಾಗಿನ ಪಾಡೇನು?

ಹಣದ ಲೆಕ್ಕವನ್ನೇ ನೋಡಿ. ಎರಡು ದಶಮಾಂಶ ಸ್ಥಾನದ ಕೋಬಾಲ್ ಅಂಕಣಕ್ಕೆ 12.349 ಬಂದರೆ ಅದು 12.34 ಎಂದು ಕತ್ತರಿಸಿ ಇಟ್ಟುಕೊಳ್ಳುತ್ತದೆ; ಆದೇಶದಲ್ಲಿ ರೌಂಡೆಡ್ ಎಂಬ ಪದವಿದ್ದರೆ 12.35. ಅದೇ ಲೆಕ್ಕವನ್ನು ಜಾವಾ ಭಾಷೆಯಲ್ಲಿ ದಶಮಾಂಶಗಳನ್ನು ಅಂದಾಜಾಗಿ ಇಟ್ಟುಕೊಳ್ಳುವ ಡಬಲ್ ಎಂಬ ಬಗೆಗೆ ಹಾಕಿದರೆ, 0.1ಕ್ಕೆ 0.2 ಕೂಡಿಸಿದಾಗ 0.30000000000000004 ಬರುವ ಲೋಕಕ್ಕೆ ಬಂದಿರುತ್ತೇವೆ. ದಶಮಾಂಶಗಳನ್ನು ನಿಖರವಾಗಿ ಇಟ್ಟುಕೊಳ್ಳುವ ಜಾವಾದ ಬಿಗ್‌ಡೆಸಿಮಲ್ ಬಳಸಿದರೂ ಪ್ರತಿ ಹಂತದಲ್ಲೂ ಎಲ್ಲಿ ಕತ್ತರಿಸಿದ್ದರು, ಎಲ್ಲಿ ರೌಂಡ್ ಮಾಡಿದ್ದರು ಎಂಬುದನ್ನು ಹುಡುಕಿ ಹೊಂದಿಸಬೇಕು. ತಾಳೆ ನೋಡಬಹುದು ಎನ್ನುವಿರಿ. ವರ್ಷಕ್ಕೊಮ್ಮೆ ಮಾತ್ರ ಓಡುವ ಭಾಗವನ್ನು ಎಷ್ಟು ಸಲ ತಾಳೆ ನೋಡಿರುತ್ತೀರಿ?

ಇನ್ನು ಯಂತ್ರ ಹೊರಹಾಕುವ ಕೋಡು. ಜಾವಾ ವ್ಯಾಕರಣದಲ್ಲಿ ಕೋಬಾಲ್ ಶರೀರ. ಈ ಕಸುಬಿನವರು ಅದಕ್ಕೆ ಜೋಬಾಲ್ ಎಂದೇ ಹೆಸರಿಟ್ಟಿದ್ದಾರೆ. ಕೋಬಾಲ್ ಬಲ್ಲವರಿಗೆ ಅದು ಗುರುತು ಸಿಗುವುದಿಲ್ಲ, ಜಾವಾ ಬಲ್ಲವರಿಗೆ ಒಗ್ಗುವುದಿಲ್ಲ.

ಸರಿಯಾಗಿ ನಡೆಯುತ್ತಿರುವುದನ್ನು ಹಾಗೇ ಬಿಟ್ಟು ಹೊರಗಿನಿಂದ ಬಳಸಬಹುದು. ರೇಖೀಯ ಬೀಜಗಣಿತದ ಲೆಕ್ಕಗಳ ಸಿದ್ಧ ಕೋಡಿನ ಸಂಗ್ರಹವಾದ ಲಾಪ್ಯಾಕ್ ಇಂದಿಗೂ ಫೋರ್ಟ್ರಾನ್ ಎಂಬ ಹಳೆಯ ಭಾಷೆಯಲ್ಲಿದೆ. ಪೈಥಾನ್‌ನಲ್ಲಿ ಬರೆಯುವವರು ಅದನ್ನು ದಿನವೂ ಬಳಸುತ್ತಾರೆ, ಫೋರ್ಟ್ರಾನ್ ತಿಳಿಯದಿದ್ದರೂ. ಬಲ್ಲವರು ನಿವೃತ್ತರಾಗುತ್ತಾರೆ ಎಂಬ ಆತಂಕ ನನಗೂ ಇದೆ. ಆದರೆ ಕೋಬಾಲ್‌ನ ವ್ಯಾಕರಣ ಕಲಿಯುವುದು ದೊಡ್ಡ ಮಾತಲ್ಲ. ಕಷ್ಟವಿರುವುದು ಆ ಕೋಡಿನೊಳಗಿನ ಬಡ್ಡಿ, ಪಿಂಚಣಿ, ವಿನಾಯಿತಿಗಳ ನಿಯಮಗಳನ್ನು ಅರಿಯುವುದರಲ್ಲಿ, ಮತ್ತು ಜಾವಾಗೆ ತಂದ ಮೇಲೂ ಆ ಕಷ್ಟ ಒಂದು ಸಾಲಿನಷ್ಟೂ ಕಡಿಮೆಯಾಗಿರುವುದಿಲ್ಲ.