ಸ್ಪಷ್ಟನೆ: ಎಲ್‌ಇಡಿ ಬೀದಿದೀಪದಿಂದ ಆಕಾಶ ಕಪ್ಪಾಗಿಲ್ಲ

"ಎಲ್‌ಇಡಿ ಬೀದಿದೀಪ ಬಂದ ಮೇಲೆ ನಗರಗಳ ಆಕಾಶ ಮತ್ತೆ ಕಪ್ಪಾಗುತ್ತಿದೆ, ಉಪಗ್ರಹದ ಚಿತ್ರಗಳೇ ಸಾಕ್ಷಿ" ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಕರೆಂಟ್ ಉಳಿಯುವುದು ನಿಜ. ಆದರೆ ಬಿಳಿ ಎಲ್‌ಇಡಿಯಲ್ಲಿ ನೀಲಿ ಬೆಳಕು ಹಳೆಯ ಸೋಡಿಯಂ ದೀಪಕ್ಕಿಂತ ಜಾಸ್ತಿ. ಗಾಳಿಯಲ್ಲಿ ನೀಲಿಯೇ ಹೆಚ್ಚು ಚದುರುತ್ತದೆ. ಹಗಲಿನ ಆಕಾಶ ನೀಲಿಯಾಗಿರುವುದೂ ಅದಕ್ಕೇ ಅಲ್ವಾ? ಹೀಗೆ ಚದುರಿದ ಬೆಳಕೇ ರಾತ್ರಿ ಆಕಾಶವನ್ನು ಬೆಳಗಿಸುತ್ತದೆ. ಇನ್ನು ಆ ಚಿತ್ರಗಳು. ಸುಯೋಮಿ ಎನ್‌ಪಿಪಿ ಉಪಗ್ರಹದ ರಾತ್ರಿ ಕ್ಯಾಮೆರಾಕ್ಕೆ ಸುಮಾರು 500 ನ್ಯಾನೋಮೀಟರ್‌ಗಿಂತ ಚಿಕ್ಕ ಅಲೆಯ ನೀಲಿ ಬೆಳಕು ಕಾಣುವುದೇ ಇಲ್ಲ. ಹಾಗಾಗಿ ದೀಪ ಬದಲಾದ ಊರು ಅದಕ್ಕೆ ಮಂಕಾಗಿ ತೋರುತ್ತದೆ, ಅಷ್ಟೇ. ನೆಲದಿಂದ ಜನ ನಕ್ಷತ್ರ ನೋಡಿ ಕೊಟ್ಟ ಸಾವಿರಾರು ವರದಿಗಳ ಪ್ರಕಾರ, 2011ರಿಂದ 2022ರವರೆಗೆ ರಾತ್ರಿ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಏರಿದೆ.

ಬೇಕಿರುವುದು ಹಳದಿ ಛಾಯೆಯ, ಮೇಲಕ್ಕೆ ಬೆಳಕು ಚೆಲ್ಲದ ದೀಪಗಳು. ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.