ಓದಲು ಕಷ್ಟಪಡುವ ಮಗುವಿಗೆ ಮೊದಲು ಕಣ್ಣು ಪರೀಕ್ಷೆ, ಆದರೆ ಅಲ್ಲಿಗೇ ನಿಲ್ಲಬೇಡಿ

ಮಗು ಓದುವಾಗ ಸಾಲು ತಪ್ಪುತ್ತದೆ. ಅರ್ಧ ಪುಟಕ್ಕೆ ತಲೆನೋವು ಅನ್ನುತ್ತದೆ. ಪುಸ್ತಕ ತೆಗೆದರೆ ಸಾಕು, ಎದ್ದು ಹೋಗಲು ನೆಪ ಹುಡುಕುತ್ತದೆ. 'ಸೋಮಾರಿ, ಗಮನ ಕೊಡಲ್ಲ' ಅಂತ ನಾವು ಬೈದುಬಿಡುತ್ತೇವೆ. ಬೈಯುವ ಮುಂಚೆ ದಯವಿಟ್ಟು ಕಣ್ಣು ತೋರಿಸಿ.

'ಶಾಲೆಯಲ್ಲೇ ಚೆಕ್ ಮಾಡಿದ್ದಾರೆ, 6/6 ಬಂದಿದೆ' ಅಂತ ಎಷ್ಟೋ ಜನ ನೆಮ್ಮದಿಯಾಗಿರುತ್ತಾರೆ. ಆ ಚಾರ್ಟ್ ಹೇಳುವುದು 6 ಮೀಟರ್ ದೂರದ ಅಕ್ಷರ ಕಾಣುತ್ತದಾ ಅನ್ನುವುದನ್ನು ಮಾತ್ರ. ಪುಸ್ತಕ ಇರುವುದು ಕಣ್ಣಿನ ಹತ್ತಿರ ಅಲ್ವಾ? ಪ್ಲಸ್ ಪವರ್ ಇರುವ, ಅಂದರೆ ಹತ್ತಿರದ್ದು ನೋಡಲು ಹೆಚ್ಚು ಕಷ್ಟಪಡುವ ಮಗು ಕಣ್ಣಿನೊಳಗಿನ ಸ್ನಾಯು ಬಿಗಿಹಿಡಿದು ಆ ಚಾರ್ಟನ್ನು ಸಲೀಸಾಗಿ ಓದಿಬಿಡಬಹುದು. ಹತ್ತಿರದ ಅಕ್ಷರಕ್ಕೆ ಇನ್ನೂ ಜಾಸ್ತಿ ಬಿಗಿ ಬೇಕು, ಸ್ವಲ್ಪ ಹೊತ್ತಿಗೆ ಕಣ್ಣು ಸೋಲುತ್ತದೆ. ಅದಕ್ಕೇ ಡಾಕ್ಟರು ಡ್ರಾಪ್ಸ್ ಹಾಕಿ, ಆ ಸ್ನಾಯು ಸಡಿಲವಾದ ಮೇಲೆ ಪವರ್ ನೋಡುವುದು. ಉರಿಯುತ್ತದೆ, ಮಗು ಅಳುತ್ತದೆ, ಕೆಲವು ಗಂಟೆ ಎಲ್ಲ ಮಂಜು. ಆದರೂ ಬೇಡ ಅನ್ನಬೇಡಿ.

ಹತ್ತಿರದ್ದನ್ನು ನೋಡಲು ಎರಡೂ ಕಣ್ಣು ಜೊತೆಯಾಗಿ ಒಳಕ್ಕೆ ತಿರುಗಬೇಕು. ಅದು ಸರಿಯಾಗಿ ಆಗದಿದ್ದರೆ ಅಕ್ಷರ ಎರಡೆರಡಾಗಿ ಕಾಣಬಹುದು. ಮಗು ಅದನ್ನು ಹೇಳುವುದೇ ಇಲ್ಲ, ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದರೂ ಓದು ಕಲಿಯಲು ಆಗುವ ಕಷ್ಟ, ಕಣ್ಣಿನ ತೊಂದರೆ ಅಲ್ಲ. ಮಾತಿನ ಸದ್ದನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವಲ್ಲಿ ಮಿದುಳಿಗೆ ಆಗುವ ಕಷ್ಟವೇ ಹೆಚ್ಚಿನ ಮಕ್ಕಳಲ್ಲಿ ಅದರ ಬುಡ. ಆ ಹೆಸರನ್ನು 1880ರ ದಶಕದಲ್ಲಿ ಕೊಟ್ಟವರು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್. ಅವರಿಗೂ ಅದು ಮಿದುಳಿನ ವಿಷಯ ಅನ್ನುವುದು ಗೊತ್ತಿತ್ತು. ಇಷ್ಟು ವರ್ಷ ಕಳೆದರೂ ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯಾ ವಾಸಿಯಾಗುತ್ತದೆ ಅಂತ ಮಾರುವವರಿದ್ದಾರೆ. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲೇ. ಇದಕ್ಕೆ ಆಧಾರ ಇಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ. ಕಣ್ಣು ಒಳಕ್ಕೆ ತಿರುಗದ ಮಕ್ಕಳಿಗೆ ವ್ಯಾಯಾಮ ಉಪಯೋಗವೇ, ಆ ತೊಂದರೆ ಕಡಿಮೆಯಾಗುತ್ತದೆ. ಆದರೆ 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸುಮ್ನೆ ತೋರಿಕೆಯ ವ್ಯಾಯಾಮ ಮಾಡಿದ ಮಕ್ಕಳಿಗಿಂತ ನಿಜವಾದ ವ್ಯಾಯಾಮ ಮಾಡಿದವರ ಓದಿನ ಗ್ರಹಿಕೆ ಹೆಚ್ಚೇನೂ ಸುಧಾರಿಸಲಿಲ್ಲ.

ಹಾಗಾಗಿ ಕನ್ನಡಕ ಬೇಕಿದ್ದರೆ ಹಾಕಿಸಿ. ಆಮೇಲೂ ಓದು ತೊಡರಿದರೆ ವರ್ಷಗಟ್ಟಲೆ ಕಾಯಬೇಡಿ, ಕಲಿಕೆಯ ತೊಂದರೆ ಗುರುತಿಸುವವರ ಹತ್ತಿರ ಕರೆದುಕೊಂಡು ಹೋಗಿ. ಒಂದೇ ಮಗುವಿಗೆ ಎರಡೂ ಇರಬಹುದು. ಕಣ್ಣಿನ ಡಾಕ್ಟರ ಮುಂದೆ ಕೂತಾಗ 'ಓದಲು ಕಷ್ಟಪಡುತ್ತದೆ, ಹತ್ತಿರದ ನೋಟವನ್ನೂ ನೋಡಿ' ಅಂತ ಬಾಯಿಬಿಟ್ಟು ಹೇಳಿ.