ಸೇತುವೆ ಕೆಳಗಿನ ಮ್ಯೂಸಿಯಂ
ಮ್ಯಾಡ್ರಿಡ್‌ನ ಸೇತುವೆ ಕೆಳಗಿರುವ ಬಯಲು ಶಿಲ್ಪ ಮ್ಯೂಸಿಯಂ ಬಗ್ಗೆ ಚೆನ್ನಾಗಿ ಬರೆದಿದ್ದೀರಿ ಮೇಡಂ. ಒಂದು ಸ್ವಾರಸ್ಯ ಮಾತ್ರ ಬಿಟ್ಟುಹೋಗಿದೆ. ಅಲ್ಲಿ ತೂಗುಹಾಕಿರುವ ಸ್ಪೇನಿನ ಶಿಲ್ಪಿ ಚಿಲ್ಲಿಡಾ ಅವರ ಕಾಂಕ್ರೀಟ್ ಶಿಲ್ಪ 6 ಟನ್‌ಗೂ ಜಾಸ್ತಿ ಭಾರ. ಸೇತುವೆ ತಡೆಯುವುದಿಲ್ಲ ಅಂತ ಆಗಿನ ಮೇಯರ್ ಅದನ್ನು ನೇತುಹಾಕಲು ಬಿಡಲೇ ಇಲ್ಲ. ಸೇತುವೆ ಕಟ್ಟಿದ ಎಂಜಿನಿಯರ್‌ಗಳೇ ಈ ಮ್ಯೂಸಿಯಂ ಮಾಡಿಸಿದವರು, ಅವರಿಗೆ ಗೊತ್ತಿರಲ್ವಾ! ಕೊನೆಗೆ ಅದು ಮೇಲೇರಿದ್ದು 1978ರಲ್ಲಿ, ಸರ್ವಾಧಿಕಾರಿ ಫ್ರಾಂಕೋ ಸತ್ತ ಮೇಲೆ.

ನಮ್ಮ ಮೈಸೂರಲ್ಲಿ ಬೀದಿಯ ಶಿಲ್ಪ ಅಂದರೆ ಸರ್ಕಲ್‌ನಲ್ಲಿ ನಿಂತ ಮಹಾರಾಜರು. ಅವರು ಇರಲಿ. ಇಲ್ಲಿನ ಕಲಾ ಕಾಲೇಜು ಕಾವಾದಲ್ಲಿ ಕಲಿತ ಹುಡುಗರ ಶಿಲ್ಪಗಳಿಗೂ ಪೀಪಲ್ಸ್ ಪಾರ್ಕಿನಲ್ಲಿ ಒಂದು ಮೂಲೆ ಕೊಡಬಹುದಲ್ವಾ? ಜನ 'ಇದೇನಪ್ಪಾ ಇದು' ಅಂತ ಬೈದುಕೊಂಡೇ ನೋಡಲಿ. ಟಿಕೆಟ್ ಮಾತ್ರ ಬೇಡ, ಮ್ಯಾಡ್ರಿಡ್‌ನಲ್ಲೂ ಇಲ್ಲ.